ಎಲ್ಲರಿಗೂ ವಂದನೆ, ಅವಳಿಗೆ ಸ್ವಲ್ಪ ಜಾಸ್ತಿ

ನಮ್ಮ ಮಹಿಳಾ ಡೇರಿಯ ಆಡಳಿತ ಮಂಡಳಿಯ ಐದು ವರ್ಷದ ಅವಧಿ ಮೊನ್ನೆ ಮುಗಿಯಿತು. ಬೋರ್ಡಿನಲ್ಲಿ ಅಧ್ಯಕ್ಷೆ ಅಂತ ನನ್ನ ಹೆಸರಿತ್ತು. ಕೆಲಸ ನಡೆಸಿದವರು ಬೇರೆಯವರು. ಅವರಿಗೆ ಎದುರಿಗೇ ಹೇಳಿದ್ದೇನೆ, ಊರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಿರ್ದೇಶಕಿಯರಿಗೆ, ಎಂಥ ಮಳೆಯಲ್ಲೂ ಹಾಲು ತಪ್ಪಿಸದ ಸದಸ್ಯೆಯರಿಗೆ, ಕರೆದಾಗೆಲ್ಲ ಬಂದ ದನದ ಡಾಕ್ಟರಿಗೆ, ಟ್ಯಾಂಕರ್ ಡ್ರೈವರ್ ಅಣ್ಣನಿಗೆ ಕೈ ಮುಗಿಯುತ್ತೇನೆ.

ಇನ್ನು ನಮ್ಮ ಹಾಲು ಟೆಸ್ಟ್ ಮಾಡುವ ಹುಡುಗಿ. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳನ್ನು ಕೆಲಸಕ್ಕೆ ತೆಗೆದುಕೊಂಡಾಗ ‘ಇವಳ ಕೈಲಿ ಆಗುತ್ತಾ’ ಅಂದವರಿದ್ದರು. ಹಾಲಿಗೆ ನೀರು ಬೆರೆತಿದೆಯಾ ಅಂತ ನೋಡುವ ಲ್ಯಾಕ್ಟೋಮೀಟರನ್ನು ಅವಳು ಓದುವುದನ್ನು ನಾನು ನೋಡಿದ್ದೆ. ಬಗ್ಗಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು, ಅದು ಅಲ್ಲಾಡುವುದು ನಿಲ್ಲುವ ತನಕ ಕಾಯುತ್ತಿದ್ದಳು, ಹಿಂದೆ ಸಾಲಿನವರು ಎಷ್ಟೇ ಗಲಾಟೆ ಮಾಡಲಿ. ಒಂದು ದಿನ ನನ್ನ ಹಾಲಿಗೂ ಫ್ಯಾಟು ಕಡಿಮೆ ಅಂತ ಬರೆದಳು, ಮುಖ ನೋಡದೆ. ಅವತ್ತೇ ಡೇರಿಯ ಬೀಗದ ಕೈ ಅವಳಿಗೆ ಕೊಟ್ಟೆ.

ಅಧ್ಯಕ್ಷೆಯೇ ಕೀ ಬಿಟ್ಟುಕೊಟ್ಟರೆ ಹೇಗೆ ಅಂತ ಕೇಳಿದರು. ನನಗೆ ತರಬೇತಿಯಲ್ಲಿ ಕೇಳಿದ ತ್ರಿಭುವನದಾಸ ಪಟೇಲರ ನೆನಪಿತ್ತು. 1946ರಲ್ಲಿ ಗುಜರಾತಿನ ಖೇಡಾ ರೈತರ ಹಾಲಿನ ಸಂಘ ಕಟ್ಟಿದವರು, ಅದೇ ಮುಂದೆ ಅಮುಲ್ ಆಯಿತು. 1949ರಲ್ಲಿ ವರ್ಗೀಸ್ ಕುರಿಯನ್ ಅನ್ನುವ ಎಂಜಿನಿಯರ್ ಅಲ್ಲಿನ ಆನಂದ್ ಊರಿಗೆ ಬಂದಾಗ ಮೂವತ್ತು ತುಂಬಿರಲಿಲ್ಲ, ಗುಜರಾತಿಯೂ ಬರುತ್ತಿರಲಿಲ್ಲ. ಆಮೇಲೆ ಡೇರಿ ನಡೆಸುವ ಕೆಲಸವನ್ನು ಪಟೇಲರು ಅವರಿಗೇ ಬಿಟ್ಟರು, ತಾವು ಹಳ್ಳಿ ಹಳ್ಳಿಯ ರೈತರನ್ನು ಕೂಡಿಸಿದರು. ಅಮುಲ್ ಬೆಳೆದಿದ್ದು ಹಾಗೆ, ನಮ್ಮ ನಂದಿನಿಯೂ ಅದೇ ಮಾದರಿ. ಜನ ಕುರಿಯನ್ ಹೆಸರು ಹೇಳುತ್ತಾರೆ. ನನಗೆ ಪಟೇಲರೇ ಜಾಸ್ತಿ ಇಷ್ಟ. ನಾನೂ ಮನೆಮನೆಗೆ ಹೋಗುವ ಕೆಲಸ ಇಟ್ಟುಕೊಂಡೆ.

ಒಂದು ಮಳೆಗಾಲದ ರಾತ್ರಿ ನಾನು ನಮ್ಮ ಯಜಮಾನರ ಜೊತೆ ಆಸ್ಪತ್ರೆಯಲ್ಲಿದ್ದೆ, ನಿಮಗೆಲ್ಲ ಗೊತ್ತು. ಇಲ್ಲಿ ಕರೆಂಟ್ ಹೋಯಿತು, ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಹಾಲು ತಂಪು ಮಾಡುವ ದೊಡ್ಡ ಟ್ಯಾಂಕಿಗೆ, ಅಂದರೆ ಬಿಎಂಸಿಗೆ, ಆಗಷ್ಟೇ ಸಂಜೆಯ ಬೆಚ್ಚಗಿನ ಹಾಲು ಬಿದ್ದಿತ್ತು. 4 ಡಿಗ್ರಿಗೆ ಇಳಿಯದಿದ್ದರೆ ಬೆಳಗಾಗುವುದರೊಳಗೆ ಹುಳಿ. ಫೋನ್ ಮಾಡಿದಳು. ‘ಅಕ್ಕ, ಟ್ಯಾಂಕರ್ ಬೇಗ ಕಳಿಸಿ ಅಂತ ಒಕ್ಕೂಟದವ್ರಿಗೆ ಹೇಳ್ತಿದ್ದೀನಿ. ನೀವು ಭಾವನ್ನ ನೋಡ್ಕೊಳಿ.’ ‘ನಿನಗೆ ಸರಿ ಕಂಡಿದ್ದು ಮಾಡವ್ವ’ ಅಂದೆ.

ಅವಳು ಮನೆಗೆ ಹೋಗಲೇ ಇಲ್ಲ. ಇರುವಷ್ಟು ತಂಪೂ ಹೋಗಬಾರದು ಅಂತ ಮುಚ್ಚಳ ತೆಗೆಯಲು ಯಾರನ್ನೂ ಬಿಡಲಿಲ್ಲ. ಕೆಳಗಿನ ನಲ್ಲಿಯಿಂದ ಒಂಚೂರು ಹಾಲು ಹಿಡಿದು, ಟ್ಯೂಬಿನಲ್ಲಿ ಕಾಯಿಸಿ, ಒಡೆಯುತ್ತದಾ ಅಂತ ಮೊಬೈಲ್ ಬೆಳಕಲ್ಲಿ ನೋಡುತ್ತಿದ್ದಳು. ಪ್ರತಿ ಸಲ ಟೈಮು, ಟೆಂಪರೇಚರು ಬರೆದಿಟ್ಟಳು. ಆ ಪುಟ ನನ್ನ ಹತ್ತಿರ ಇದೆ. ಕೊನೆಯಲ್ಲಿ ಹೀಗಿದೆ: ‘ಟ್ಯಾಂಕರ್ ಬಂತು. ಹಾಲು ಚೆನ್ನಾಗಿದೆ. ಭಾವ ಹೇಗಿದ್ದಾರೆ, ಅಕ್ಕನ್ನ ಕೇಳಬೇಕು.’

ಅವರು ಉಳಿಯಲಿಲ್ಲ. ಆ ಸಾಲು ಓದಿದಾಗಲೆಲ್ಲ ಇವತ್ತಿಗೂ ಗಂಟಲು ಕಟ್ಟುತ್ತದೆ. ಅವರ ಕೈ ಹಿಡಿದು ಕೂರಲು ನನಗೆ ಪೂರ್ತಿ ಒಂದು ರಾತ್ರಿ ಸಿಕ್ಕಿತಲ್ಲ, ಅದು ಅವಳು ಕೊಟ್ಟಿದ್ದು.

ಈಗ ಅವಳೇ ನಮ್ಮ ಕಾರ್ಯದರ್ಶಿ. ಹೊಸ ಮಂಡಳಿಯವರಲ್ಲಿ ಒಂದು ಮಾತು. ಲೆಕ್ಕ ಬರೆಯುವುದು, ಟೆಸ್ಟಿಂಗ್ ಎರಡನ್ನೂ ಎರಡು ಹೊತ್ತೂ ಒಬ್ಬಳೇ ನಿಭಾಯಿಸುತ್ತಿದ್ದಾಳೆ. ಟೆಸ್ಟಿಂಗಿಗೆ ಇನ್ನೊಬ್ಬರನ್ನು ತೆಗೆದುಕೊಳ್ಳಿ. ಯಾರನ್ನು ಅಂತ ಅವಳನ್ನೇ ಕೇಳಿ.