ಕಲ್ಗೂರ್ಲಿಯಿಂದ ಅಪ್ಪನಿಗೆ: ಉಪ್ಪುನೀರಿನ ನಾಡಿನ ಚಿನ್ನ

ಕಲ್ಗೂರ್ಲಿ, ಪಶ್ಚಿಮ ಆಸ್ಟ್ರೇಲಿಯಾ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಅವ್ವನಿಗೂ ನನ್ನ ನಮಸ್ಕಾರ. ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಿ.

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದು ಹಟ್ಟಿ ಚಿನ್ನದ ಗಣಿಯ ಅದಿರು ಅರೆಯುವ ಮಿಲ್ಲಿನಲ್ಲಿ ದುಡಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ಮಳೆಯೇ ಇಲ್ಲದ ಊರಲ್ಲಿ ಮಿಲ್ಲಿಗೆ ನೀರು ಎಲ್ಲಿಂದ? ಅಲ್ಲಿಯ ಅದಿರು ನಮ್ಮದರಂತೆ ಸಲೀಸಾಗಿ ಚಿನ್ನ ಬಿಡುತ್ತದೋ ಇಲ್ಲವೋ? ಎರಡಕ್ಕೂ ಉತ್ತರ ಉದ್ದ, ಅದಕ್ಕೇ ಕಾಗದ ಹಿಡಿದಿದ್ದೇನೆ. ಈ ಊರಿನ ನೂರಮೂವತ್ತು ವರ್ಷಗಳ ಚರಿತ್ರೆಯೆಲ್ಲ ನಿಮ್ಮ ಆ ಎರಡು ಪ್ರಶ್ನೆಗಳ ಸುತ್ತಲೇ ನಡೆದಿದೆ ಎಂದರೂ ತಪ್ಪಿಲ್ಲ.

ಪರ್ತ್ ಪಟ್ಟಣದಿಂದ ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ಬಂದರೆ ಕಲ್ಗೂರ್ಲಿ. ವರ್ಷದ ಮಳೆ ಸುಮಾರು 260 ಮಿಲಿಮೀಟರ್, ಅದೂ ಯಾವಾಗ ಬರುತ್ತದೆಂದು ನಂಬುವಂತಿಲ್ಲ. ಹರಿಯುವ ನದಿ ಒಂದೂ ಇಲ್ಲ. ನಕಾಶೆಯಲ್ಲಿ ಕೆರೆ ಎಂದು ತೋರಿಸಿದ್ದೆಲ್ಲ ಉಪ್ಪಿನ ಹಾಸು. ಬಾವಿ ತೋಡಿದರೆ ನೀರು ಸಿಗುತ್ತದೆ, ಆದರೆ ಎಷ್ಟೋ ಕಡೆ ಅದು ಸಮುದ್ರದ ನೀರಿಗಿಂತ ಹಲವು ಪಟ್ಟು ಉಪ್ಪು. ಇಲ್ಲಿಯ ಮೂಲನಿವಾಸಿಗಳು ಬಂಡೆಯ ಮೇಲಿನ ಗುಂಡಿಗಳಲ್ಲಿ ನಿಂತ ಮಳೆನೀರನ್ನು ಕಾಪಾಡಿಕೊಂಡು, ಗುಂಡಿಯಿಂದ ಗುಂಡಿಗೆ ದಾರಿ ತಿಳಿದು ಸಾವಿರಾರು ವರ್ಷ ಬದುಕಿದವರು. ಚಿನ್ನಕ್ಕಾಗಿ ಬಂದ ಜನಜಂಗುಳಿಗೆ ಆ ಗುಂಡಿಗಳು ಎಲ್ಲಿ ಸಾಕಾಗಬೇಕು?

ಬಂಡೆ ಮಾತ್ರ ನಿಮಗೆ ನೋಡಿದ ಕೂಡಲೇ ಗುರುತು ಹತ್ತುತ್ತದೆ. ಸುಮಾರು 270 ಕೋಟಿ ವರ್ಷದ ಹಳೆಯ ಲಾವಾ ಮತ್ತು ಡಾಲರೈಟ್ ಎಂಬ ಕಪ್ಪು ಅಗ್ನಿಶಿಲೆ ಮಾರ್ಪಟ್ಟು ಹಸಿರುಗಟ್ಟಿದ ಶಿಲೆ. ನಮ್ಮ ಹಟ್ಟಿ-ಮಸ್ಕಿ ಪಟ್ಟಿಯೂ ಕೋಲಾರದ ಪಟ್ಟಿಯೂ ಇದೇ ಕುಲದವು. ಇಲ್ಲಿ ಚಿನ್ನ ಹೆಚ್ಚಾಗಿ ಸಿಕ್ಕಿದ್ದು ಕಬ್ಬಿಣದ ಅಂಶ ಜಾಸ್ತಿ ಇರುವ ಡಾಲರೈಟಿನಲ್ಲಿ. ಕಾರಣ ಸರಳ: ಆಳದಿಂದ ಬಿಸಿನೀರು ಚಿನ್ನವನ್ನು ಗಂಧಕದ ಜೊತೆ ಕರಗಿಸಿಕೊಂಡು ಮೇಲೆ ಬಂತು, ಬಂಡೆಯ ಕಬ್ಬಿಣ ಆ ಗಂಧಕವನ್ನು ಹಿಡಿದು ಪೈರೈಟ್ ಆಯಿತು, ಗಂಧಕದ ಆಸರೆ ತಪ್ಪಿದ ಚಿನ್ನ ಅಲ್ಲೇ ಕೂತಿತು.

1892ರಲ್ಲಿ ಬೇಲಿ ಮತ್ತು ಫೋರ್ಡ್ ಎಂಬಿಬ್ಬರಿಗೆ ಕೂಲ್ಗಾರ್ಡಿಯಲ್ಲಿ ಚಿನ್ನ ಸಿಕ್ಕಿತು. 1893ರ ಜೂನಿನಲ್ಲಿ ಐರ್ಲೆಂಡಿನ ಪ್ಯಾಡಿ ಹ್ಯಾನನ್, ಅವನ ಜೊತೆಯ ಫ್ಲಾನಗನ್ ಮತ್ತು ಶೇ ಈಗಿನ ಕಲ್ಗೂರ್ಲಿಯ ಜಾಗದಲ್ಲಿ ನೆಲದ ಮೇಲೇ ಗಟ್ಟಿ ಚಿನ್ನ ಆರಿಸಿದರು. ಆಗ ತೊಳೆದು ಬೇರ್ಪಡಿಸಲು ನೀರಿರಲಿಲ್ಲವಾದ್ದರಿಂದ ಗಾಳಿಗೆ ತೂರುತ್ತಿದ್ದರು, ಕಣದಲ್ಲಿ ಜೋಳ ತೂರಿದ ಹಾಗೆಯೇ. ಒಣಮಣ್ಣನ್ನು ಪುಡಿಮಾಡಿ ತಟ್ಟೆಯಲ್ಲಿ ತುಂಬಿ, ತಲೆಯೆತ್ತರದಿಂದ ಕೆಳಗಿನ ತಟ್ಟೆಗೆ ಸುರಿಯುವುದು. ಧೂಳು ಹಾರಿ ಭಾರದ ಕಾಳು ಉಳಿಯುತ್ತದೆ. ಆಮೇಲೆ ಜರಡಿ, ತಿದಿ ಕೂಡಿಸಿದ ಅಲುಗಾಡುವ ಪೆಟ್ಟಿಗೆ ಬಂತು. ಇದರ ದೋಷ ಎರಡು. ಮಣ್ಣು ತುಸು ಹಸಿಯಿದ್ದರೂ ಜೇಡಿ ಚಿನ್ನಕ್ಕೆ ಮೆತ್ತಿಕೊಂಡು ಉಂಡೆಯಾಗಿ ಹೊರಗೆ ಉರುಳಿಹೋಗುತ್ತದೆ. ಮಣ್ಣು ಪೂರ್ತಿ ಒಣಗಿದ್ದರೂ ಹಿಟ್ಟಿನಂಥ ಸಣ್ಣ ಚಿನ್ನ ಧೂಳಿನ ಜೊತೆಗೇ ಹಾರಿಹೋಗುತ್ತದೆ.

ಕುಡಿಯುವ ನೀರಿಗೆ ಉಪ್ಪುನೀರನ್ನೇ ಕಬ್ಬಿಣದ ತೊಟ್ಟಿಯಲ್ಲಿ ಕುದಿಸಿ, ಆವಿಯನ್ನು ತಗಡಿನ ಕೊಳವೆಗಳಲ್ಲಿ ಹಾಯಿಸಿ ತಣಿಸಿ, ಗ್ಯಾಲನ್ ಲೆಕ್ಕದಲ್ಲಿ ಮಾರುತ್ತಿದ್ದರು. ತೊಟ್ಟಿಯ ತಳಕ್ಕೆ ಉಪ್ಪು ಹಳುಕು ಕಟ್ಟಿ ಶಾಖ ನೀರಿಗೆ ತಾಕುತ್ತಿರಲಿಲ್ಲ. ಕಟ್ಟಿದ್ದನ್ನು ಉಳಿಯಲ್ಲಿ ಕೆತ್ತಿ ತೆಗೆಯಬೇಕು, ಇಲ್ಲವಾದರೆ ತಳ ಸುಟ್ಟು ತೂತು ಬೀಳುತ್ತದೆ. ಒಲೆಗೆ ಸುತ್ತಲಿನ ಮರವೆಲ್ಲ ಹೋಯಿತು. ನೀರು ದುಬಾರಿಯಾದ್ದರಿಂದ ಶುಚಿತ್ವ ತಪ್ಪಿ ಟೈಫಾಯ್ಡ್ ಹರಡಿತು. ಕೂಲ್ಗಾರ್ಡಿಯ ಸ್ಮಶಾನದಲ್ಲಿ ಆ ವರ್ಷಗಳ ಎಳೆಯ ಪ್ರಾಯದವರ ಸಮಾಧಿಗಳನ್ನು ನೋಡಿದರೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಇದಕ್ಕೆ ಪರಿಹಾರ ಕೊಟ್ಟವರು ಸರ್ಕಾರದ ಮುಖ್ಯ ಎಂಜಿನಿಯರ್ ಸಿ. ವೈ. ಒಕಾನರ್. ಪರ್ತ್ ಬಳಿಯ ಗುಡ್ಡಗಳಲ್ಲಿ ಹೆಲೆನಾ ನದಿಗೆ ಮಂಡಾರಿಂಗ್ ಅಣೆಕಟ್ಟು ಕಟ್ಟಿ, ಅಲ್ಲಿಂದ 530 ಕಿಲೋಮೀಟರಿಗೂ ಹೆಚ್ಚು ದೂರ, 300 ಮೀಟರಿಗೂ ಹೆಚ್ಚು ಎತ್ತರಕ್ಕೆ, ಎಂಟು ಪಂಪುಮನೆಗಳಿಂದ ನೀರು ಹತ್ತಿಸುವ ಯೋಜನೆ. ದಿನಕ್ಕೆ 50 ಲಕ್ಷ ಗ್ಯಾಲನ್, ಅಂದರೆ ಸುಮಾರು 2.27 ಕೋಟಿ ಲೀಟರ್. ಪೈಪಿನ ಅಡ್ಡಳತೆ 30 ಇಂಚು, ಒಂದೊಂದರ ಉದ್ದ 28 ಅಡಿ. ನಿಮಗೆ ಇಷ್ಟವಾಗುವುದು ಆ ಪೈಪಿನ ಕಟ್ಟೋಣ. ಆಗೆಲ್ಲ ಉಕ್ಕಿನ ಪೈಪೆಂದರೆ ಉದ್ದಕ್ಕೂ ರಿವೆಟ್. ರಿವೆಟ್ ತಲೆಗಳು ಒಳಗೆ ನೀರಿನ ಓಟಕ್ಕೆ ತಡೆ, ತೂತುಗಳು ಸೋರಿಕೆಗೆ ದಾರಿ. ಮೆಫನ್ ಫರ್ಗುಸನ್ ಎಂಬವರು ಕಂಡುಹಿಡಿದ ಪೈಪಿನಲ್ಲಿ ಅರೆವೃತ್ತವಾಗಿ ಬಗ್ಗಿಸಿದ ಎರಡು ತಗಡು. ಅವುಗಳ ಅಂಚನ್ನು ದಪ್ಪ ಮಾಡಿ, ಎರಡೂ ಬದಿಗೆ ಸಂದು ಇರುವ ಉದ್ದನೆಯ ಉಕ್ಕಿನ ಪಟ್ಟಿಯೊಳಗೆ ಕೂರಿಸಿ, ಯಂತ್ರದಲ್ಲಿ ಒತ್ತಿ ಸಂದು ಮುಚ್ಚಿಬಿಡುವುದು. ರಿವೆಟ್ ಒಂದೂ ಇಲ್ಲ. ಘರ್ಷಣೆ ಇಳಿದಷ್ಟೂ ಪಂಪಿನ ಸೌದೆ ಉಳಿತಾಯ. ಇಷ್ಟು ದೂರದಲ್ಲಿ ಆ ಉಳಿತಾಯವೇ ಯೋಜನೆಯನ್ನು ಸಾಧ್ಯ ಮಾಡಿತೆಂದು ನನ್ನ ಎಣಿಕೆ.

ಪತ್ರಿಕೆಗಳ ಮತ್ತು ರಾಜಕಾರಣಿಗಳ ನಿಂದೆ ತಾಳಲಾರದೆ ಒಕಾನರ್ 1902ರ ಮಾರ್ಚಿನಲ್ಲಿ ಪ್ರಾಣ ಕಳೆದುಕೊಂಡರು. 1903ರ ಜನವರಿ 24ರಂದು ಕಲ್ಗೂರ್ಲಿಯಲ್ಲಿ ನೀರು ಬಿಟ್ಟ ದಿನ ಅವರಿರಲಿಲ್ಲ. ಅದಕ್ಕೆ ಏಳು ತಿಂಗಳ ಹಿಂದೆ, 1902ರ ಜೂನ್ ಕೊನೆಗೆ, ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕೆ.ಜಿ.ಎಫ್.ಗೆ ಕರೆಂಟು ಕೊಟ್ಟರಲ್ಲ, ಅದು ನೆನಪಾಗುತ್ತದೆ. ನಮ್ಮ ಗಣಿಗೆ ದೂರದಿಂದ ಬಂದದ್ದು ವಿದ್ಯುತ್ತು, ಇವರಿಗೆ ನೀರು.

ಪೈಪನ್ನು ಮೊದಲು ಹೂತಿದ್ದು ಕಂದಕದಲ್ಲಿ. ಉಪ್ಪುಮಣ್ಣು ಹೊರಗಿನಿಂದ ತಿಂದಿತು, ಸೀಸ ತುಂಬಿದ ಜೋಡಣೆಗಳು ಸೋರಿದವು. 1930ರ ದಶಕದಲ್ಲಿ ಬಹುಭಾಗವನ್ನು ಮೇಲೆತ್ತಿ ಆಧಾರಗಳ ಮೇಲಿಟ್ಟು ಜೋಡಣೆಗಳನ್ನು ವೆಲ್ಡ್ ಮಾಡಿದರು. ಇಂದಿಗೂ ರಸ್ತೆಯ ಪಕ್ಕದಲ್ಲೇ ಕಾಣುತ್ತದೆ, ಊರು ಕುಡಿಯುವುದೂ ಅದೇ ನೀರು. ಸೌದೆಗಾಗಿ ಹಾಕಿದ ರೈಲುಹಳಿಗಳು ಮಾತ್ರ ಕಾಡು ಹಿಂದೆ ಸರಿದಂತೆ ಉದ್ದವಾಗುತ್ತ 1960ರ ದಶಕದವರೆಗೂ ನಡೆದವು. ಬಾಯ್ಲರ್, ಪಂಪು, ಕುಲುಮೆ, ಗಣಿಯೊಳಗಿನ ಊರೆಗಂಬ, ಎಲ್ಲಕ್ಕೂ ಮರವೇ ಬೇಕಿತ್ತು.

ಇನ್ನು ಅದಿರು. ಹ್ಯಾನನ್‌ಗೆ ಸಿಕ್ಕ ಜಾಗಕ್ಕಿಂತ ಆಗ್ನೇಯಕ್ಕೆ ಕೆಲವೇ ಕಿಲೋಮೀಟರ್ ದೂರದ ಗುಡ್ಡಗಳೇ ಗೋಲ್ಡನ್ ಮೈಲ್. ಅಲ್ಲಿಂದ ಈವರೆಗೆ 1,800 ಟನ್ನಿಗೂ ಹೆಚ್ಚು ಚಿನ್ನ ತೆಗೆದಿದ್ದಾರೆ, ಕೆ.ಜಿ.ಎಫ್. ತನ್ನ ಆಯುಷ್ಯದಲ್ಲಿ ಕೊಟ್ಟದ್ದು 800 ಟನ್ನಿನ ಮೇಲೆ. ಕೋಲಾರದ ಚಾಂಪಿಯನ್ ಲೋಡಿನಲ್ಲಿ ಬೆಣಚುಕಲ್ಲು, ಅದರಲ್ಲಿ ಬಿಡಿ ಚಿನ್ನ. ಕುಟ್ಟಿ ಪಾದರಸಕ್ಕೆ ತಾಕಿಸಿದರೆ ಬಹುಪಾಲು ಹಿಡಿಯುತ್ತದೆ. ಇಲ್ಲಿಯೂ ಮೇಲುಮೇಲಿನ ಕೊಳೆತ ಬಂಡೆಯಲ್ಲಿ ಹಾಗೇ ಇತ್ತು. ಕೆಳಗಿಳಿದಂತೆ ಪಾದರಸ ಕೆಲಸ ಮಾಡುವುದು ನಿಂತಿತು. ಅಲ್ಲಿ ಚಿನ್ನ ಒಂದೋ ಪೈರೈಟಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಸಿಕ್ಕಿಕೊಂಡಿದೆ, ಇಲ್ಲವೇ ಟೆಲ್ಯೂರಿಯಂ ಎಂಬ ಧಾತುವಿನ ಜೊತೆ ಕೂಡಿ ಬೇರೆ ಖನಿಜವೇ ಆಗಿದೆ. ಒಟ್ಟು ಚಿನ್ನದಲ್ಲಿ ಸುಮಾರು ಐದರಲ್ಲೊಂದು ಪಾಲು ಇಂಥ ಟೆಲ್ಯುರೈಡುಗಳದ್ದು.

ಇವುಗಳಲ್ಲಿ ದೊಡ್ಡದು ಕಲಾವರೈಟ್. ನೂರು ಗ್ರಾಂ ಖನಿಜದಲ್ಲಿ ಸುಮಾರು 43 ಗ್ರಾಂ ಚಿನ್ನ, ಉಳಿದದ್ದು ಟೆಲ್ಯೂರಿಯಂ. ಪೆಟ್ಜೈಟ್‌ನಲ್ಲಿ ಬೆಳ್ಳಿ ಹೆಚ್ಚು, ಚಿನ್ನ ಕಾಲುಭಾಗ. ಕೊಲೊರಡೊಯೈಟ್ ಎಂಬ ಕಪ್ಪು ಖನಿಜದಲ್ಲಿ ಚಿನ್ನವಿಲ್ಲ, ಪಾದರಸವಿದೆ. ಅದರ ಕಾಟ ಮುಂದೆ ಹೇಳುತ್ತೇನೆ. ಕೆಲವು ಗಣಿಗಳಲ್ಲಿ ವನೇಡಿಯಂ ಸೇರಿದ ಹಸಿರು ಅಭ್ರಕದ ಎಳೆ ಕಂಡರೆ ಅದರ ಸುತ್ತ ಟೆಲ್ಯುರೈಡ್ ದಂಡಿಯಾಗಿ ಇರುತ್ತಿತ್ತು. ಗಣಿಯಾಳುಗಳು ಆ ಹಸಿರು ಎಳೆಯನ್ನೇ ಹಿಡಿದು ಹೋಗುತ್ತಿದ್ದರು.

ಕಲಾವರೈಟ್ ತಿಳಿ ಹಿತ್ತಾಳೆ ಬಣ್ಣ, ಕೆಲವೊಮ್ಮೆ ಬೆಳ್ಳಿಯ ಬಿಳುಪು. ಪೈರೈಟ್ ಎಂದೇ ಜನ ಬಿಸಾಡಿದರು. 1896ರಲ್ಲಿ ಅದೇನೆಂದು ತಿಳಿಯುವ ಮೊದಲು ರಸ್ತೆಯ ಗುಂಡಿಗಳಿಗೂ ಅದನ್ನೇ ತುಂಬಿದ್ದರು, ಆಮೇಲೆ ರಸ್ತೆ ಅಗೆದರು ಎಂದು ಊರಿನಲ್ಲಿ ಈಗಲೂ ಹೇಳುತ್ತಾರೆ. ಗುರುತಿಸುವುದು ಕಷ್ಟವಲ್ಲ. ಚಾಕುವಿನ ಮೊನೆ ಎಳೆಯಿರಿ: ಪೈರೈಟಿಗೆ ಗೀರು ಬೀಳುವುದಿಲ್ಲ, ಕಲಾವರೈಟಿಗೆ ಬೀಳುತ್ತದೆ. ಸೂಜಿಯಲ್ಲಿ ಒತ್ತಿ: ಶುದ್ಧ ಚಿನ್ನ ಚಪ್ಪಟೆಯಾಗುತ್ತದೆ, ಕಲಾವರೈಟ್ ಪುಡಿಯಾಗುತ್ತದೆ. ಕೈಯಲ್ಲಿ ತೂಗಿ ನೋಡಿದರೂ ಗೊತ್ತಾಗುತ್ತದೆ. ಪೈರೈಟ್ ನೀರಿನ ಐದು ಪಟ್ಟು ಭಾರ, ಇದು ಒಂಬತ್ತು ಪಟ್ಟು. ಕೊನೆಯ ಪರೀಕ್ಷೆ ನಮ್ಮ ಅಕ್ಕಸಾಲಿಗರ ಊದುಗೊಳವೆಯದು. ಇದ್ದಲಿನ ಮೇಲೆ ಚೂರಿಟ್ಟು ಊದಿದರೆ ಜ್ವಾಲೆ ನೀಲಿಹಸಿರಾಗಿ, ಬಿಳಿ ಹೊಗೆ ಎದ್ದು, ಟೆಲ್ಯೂರಿಯಂ ಹೋಗಿ ಹಳದಿ ಚಿನ್ನದ ಮಣಿ ಉಳಿಯುತ್ತದೆ. ಇದನ್ನು ಮಾತ್ರ ಬಯಲಿನಲ್ಲೇ, ಗಾಳಿಗೆ ಬೆನ್ನು ಕೊಟ್ಟು ಮಾಡಬೇಕು. ಟೆಲ್ಯೂರಿಯಂ ಹೊಗೆ ಒಳಗೆ ಹೋದರೆ ಉಸಿರು ದಿನಗಟ್ಟಲೆ ಬೆಳ್ಳುಳ್ಳಿ ನಾರುತ್ತದೆ, ಚೂರಿನಲ್ಲಿ ಕೊಲೊರಡೊಯೈಟ್ ಇದ್ದರೆ ಪಾದರಸದ ಆವಿಯೂ ಬರುತ್ತದೆ.

ಚಿನ್ನ ಬಿಡಿಸಲು ಆಗಿನವರು ಹಿಡಿದ ದಾರಿ ಹುರಿಯುವುದು. ಅದಿರನ್ನು ಒಣಗಿದಂತೆಯೇ ಅರೆದು ಉದ್ದನೆಯ ಕುಲುಮೆಯಲ್ಲಿ ಮೊದಲು ಸಣ್ಣ ಉರಿ, ಗಂಧಕ ಹೋಗುತ್ತ ಬಂದಂತೆ ದೊಡ್ಡ ಉರಿ. ಮೊದಲೇ ಉರಿ ಏರಿಸಿದರೆ ಕಣ ಹೊರಗಿನಿಂದ ಕರಗಿ ಮುಚ್ಚಿಕೊಂಡು ಚಿನ್ನ ಒಳಗೇ ಬಂದಿ. ಚಿನ್ನ ಕರಗಿಸುವ ಸೈನೈಡ್ ದ್ರಾವಣ ಎಷ್ಟು ಸುರಿದರೂ ತಾಕದು. ಉರಿ ಕಡಿಮೆಯಾದರೆ ಉಳಿದ ಗಂಧಕ ಸೈನೈಡನ್ನೂ ಅದರಲ್ಲಿ ಕರಗಿದ ಆಮ್ಲಜನಕವನ್ನೂ ತಿನ್ನುತ್ತದೆ. ಹುರಿದದ್ದನ್ನು ನುಣ್ಣಗೆ ಅರೆದು ಸೈನೈಡಿನಲ್ಲಿ ಕಲಕಿ, ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿ ದ್ರಾವಣ ತೆಗೆಯುತ್ತಿದ್ದರು. ನೀರು ಒಂದು ಹನಿಯೂ ಪೋಲಾಗಬಾರದೆಂಬ ಒತ್ತಡವೇ ಆ ಪ್ರೆಸ್ಸುಗಳನ್ನು ಇಲ್ಲಿ ಅಷ್ಟು ಬೇಗ ಬೇರೂರಿಸಿತು.

ಈಗ ಹಳೆಯ ಗಣಿಗಳೆಲ್ಲ ಸೇರಿ ಒಂದೇ ತೆರೆದ ಗುಂಡಿಯಾಗಿವೆ. ಉದ್ದ ಸುಮಾರು 3.5 ಕಿಲೋಮೀಟರ್, ಅಗಲ 1.5, ಆಳ 600 ಮೀಟರಿನ ಮೇಲೆ. ಕೆಳಗಿಳಿದಂತೆ ಹಳೆಯ ಸುರಂಗಗಳು ಎದುರಾಗುತ್ತವೆ. ಆದ್ದರಿಂದ ಗುಂಡಿಯ ಪ್ರತಿ ಮೆಟ್ಟಿಲಿನಲ್ಲೂ ಮೊದಲು ತೂತು ಕೊರೆದು ಟೊಳ್ಳು ಎಲ್ಲಿದೆ ಎಂದು ತಿಳಿದ ಮೇಲೆಯೇ ಯಂತ್ರ ಹತ್ತಿಸುವುದು. ನೂರು ವರ್ಷದ ಹಳಿ, ಮರ, ಕಬ್ಬಿಣವೆಲ್ಲ ಅದಿರಿನ ಜೊತೆ ಬರುತ್ತವೆ. ಕ್ರಷರಿನ ಬೆಲ್ಟಿನಲ್ಲಿ ಆಯಸ್ಕಾಂತ ಇಲ್ಲದಿದ್ದರೆ ಯಂತ್ರ ಹಾಳು.

ಅರೆದ ಅದಿರನ್ನು ಮೊದಲು ನೊರೆಯಲ್ಲಿ ತೇಲಿಸಿ ಪೈರೈಟ್ ಮತ್ತು ಟೆಲ್ಯುರೈಡನ್ನು ಬೇರೆ ಮಾಡುತ್ತಾರೆ. ಉಳಿದದ್ದು ನೇರ ಸೈನೈಡ್ ತೊಟ್ಟಿಗೆ ಹೋಗುತ್ತದೆ. ತೇಲಿದ ಭಾಗವನ್ನು 1989ರಿಂದ ಊರಿನ ಉತ್ತರಕ್ಕಿರುವ ಗಿಜಿ ಎಂಬಲ್ಲಿ ಹುರಿಯುತ್ತಿದ್ದರು. ಗಂಧಕದ ಹೊಗೆ ಊರಿನ ಮೇಲೆ ಬರಬಾರದೆಂದೇ ಅಷ್ಟು ದೂರ ಒಯ್ದದ್ದು. ಆದರೂ ಕೊಲೊರಡೊಯೈಟಿನ ಪಾದರಸ ಚಿಮಣಿಯಿಂದ ಹೋಗುತ್ತಿತ್ತು. 2015ರಲ್ಲಿ ಹುರಿಯುವುದನ್ನೇ ನಿಲ್ಲಿಸಿ, ಈಗ ಹತ್ತು-ಹನ್ನೆರಡು ಮೈಕ್ರಾನಿನವರೆಗೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಅರೆಯುತ್ತಾರೆ. ಬೆಂಕಿಯ ಕೆಲಸವನ್ನು ಅರೆತಕ್ಕೆ ಒಪ್ಪಿಸಿದ್ದು ನನ್ನ ಮಟ್ಟಿಗೆ ಈ ಊರಿನ ಇತ್ತೀಚಿನ ಅತ್ಯುತ್ತಮ ಕೆಲಸ.

ಕೊನೆಗೆ ಸುಣ್ಣದ ಲೆಕ್ಕ, ಇದನ್ನು ನಿಮಗಲ್ಲದೆ ಇನ್ನಾರಿಗೆ ಬರೆಯಲಿ! ಮಿಲ್ಲಿಗೆ ನೆಲದಡಿಯ ಉಪ್ಪುನೀರನ್ನೂ ಬಳಸುತ್ತಾರೆ. ಸೈನೈಡ್ ಅನಿಲವಾಗಿ ಹಾರದಿರಲೆಂದು ಸಿಹಿನೀರಿನಲ್ಲಿ ಸುಣ್ಣ ಹಾಕಿ ಪಿಎಚ್ ಅನ್ನು, ಅಂದರೆ ಕ್ಷಾರದ ಅಳತೆಯನ್ನು, 10.5ರ ಆಸುಪಾಸಿಗೆ ತರುವುದು ಸುಲಭ. ಈ ನೀರಿನಲ್ಲಿ ಮೆಗ್ನೀಷಿಯಂ ವಿಪರೀತ. ಪಿಎಚ್ 9 ದಾಟುತ್ತಲೇ ಅದು ಗರಣೆಗಟ್ಟಲು ಶುರುವಾಗಿ, ಹಾಕಿದ ಸುಣ್ಣವನ್ನೆಲ್ಲ ನುಂಗುತ್ತದೆ. ಹಾಗಾಗಿ 9ರ ಹತ್ತಿರವೇ ನಡೆಸಬೇಕು, ಆ ಮಟ್ಟದಲ್ಲಿ ಸೈನೈಡಿನ ಅರ್ಧದಷ್ಟು ಅನಿಲವಾಗಿ ಹಾರಲು ತಯಾರಿರುತ್ತದೆ. ತೊಟ್ಟಿಯ ಮೇಲೆ ಅನಿಲ ಅಳೆಯುವ ಉಪಕರಣವಿಲ್ಲದೆ ಯಾರೂ ಹತ್ತುವಂತಿಲ್ಲ. ಸೈನೈಡ್ ದ್ರಾವಣದಿಂದ ಚಿನ್ನ ಹೀರಿಕೊಂಡ ಕಾರ್ಬನ್ನಿನಿಂದ, ಅಂದರೆ ಇದ್ದಲಿನಿಂದ, ಅದನ್ನು ಬಿಡಿಸುವಾಗ ಉಪ್ಪುನೀರು ಸಲ್ಲದು, ಉಪ್ಪಿದ್ದರೆ ಚಿನ್ನ ಕಾರ್ಬನ್ ಬಿಟ್ಟು ಸರಿಯಾಗಿ ಬರುವುದಿಲ್ಲ. ಅಲ್ಲಿ ಸಿಹಿನೀರೇ ಬೇಕು.

ಹಟ್ಟಿಯ ಅದಿರಿನಲ್ಲಿ ಆರ್ಸೆನಿಕ್ ಸೇರಿದ ಆರ್ಸೆನೋಪೈರೈಟ್ ಖನಿಜ ಇದೆಯಲ್ಲ, ಅದು ಹೆಚ್ಚಾಗಿ ಬಂದ ದಿನಗಳಲ್ಲಿ ನೀವು ಸೈನೈಡ್ ಏರಿಸುತ್ತಿದ್ದಿರೋ, ಮೊದಲೇ ಗಾಳಿ ಊದಿ ಸುಣ್ಣದಲ್ಲಿ ಕಲಕಿಡುತ್ತಿದ್ದಿರೋ? ಎಷ್ಟು ಹೊತ್ತು ಕಲಕುತ್ತಿದ್ದಿರೆಂಬುದನ್ನೂ ಸೇರಿಸಿ ಬರೆಯಿರಿ. ಇಲ್ಲಿಯ ಹುಡುಗರಿಗೆ ತೋರಿಸುತ್ತೇನೆ.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಮಗ