ಕೊಬ್ಬರಿ ಧಾರಣೆಯ ಕೆಳಗೆ ಮನಸ್ಸಿನ ಸಹಾಯವಾಣಿ ನಂಬರ್ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ನಾನು 17 ವರ್ಷದಿಂದ ಇದ್ದೇನೆ. ವಾರಕ್ಕೊಂದು ಸಂಜೆ ಅಂಗನವಾಡಿ ಜಗಲಿಯಲ್ಲಿ ಸೇರುತ್ತೇವೆ. ಉಳಿತಾಯದ ದುಡ್ಡು ಕಟ್ಟಿ ಪುಸ್ತಕಕ್ಕೆ ಸಹಿ ಹಾಕಲು ಕಾಲು ಗಂಟೆ ಸಾಕು. ಆದರೂ ಏಳುವ ಹೊತ್ತಿಗೆ ಕತ್ತಲಾಗಿರುತ್ತದೆ. ಒಬ್ಬಳ ಮಗಳಿಗೆ ಗಂಡನ ಮನೆಯಲ್ಲಿ ಕಷ್ಟ. ಇನ್ನೊಬ್ಬಳಿಗೆ ಮುಟ್ಟು ನಿಲ್ಲುವ ಕಾಲದ ಸಂಕಟ. ಮತ್ತೊಬ್ಬಳಿಗೆ ಯಾಕೋ ಗೊತ್ತಿಲ್ಲ, ಸುಮ್ಸುಮ್ನೆ ಅಳು. ಎಲ್ಲವೂ ಆ ಜಗಲಿಯಲ್ಲೇ ಹೊರಗೆ ಬರುತ್ತದೆ. ದೊಡ್ಡ ಪರಿಹಾರವನ್ನೇನೂ ಯಾರೂ ಹೇಳುವುದಿಲ್ಲ. ಕೂತು ಕೇಳುತ್ತಾರೆ. ಮನೆಗೆ ಹೋಗುವಾಗ ಎದೆ ಹಗುರವಾಗಿರುತ್ತದೆ.

ನಮ್ಮ ಯಜಮಾನರಿಗೆ ಇಂಥ ಒಂದು ಜಗಲಿ ಇಲ್ಲ. ಇದು ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ.

ನಮ್ಮದು ತಿಪಟೂರು ತಾಲ್ಲೂಕು. ತೆಂಗಿನ ತೋಟವೇ ಬದುಕು. ಕಾಯಿ ಕೆಡವಿ, ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಕಾದ ಮೇಲೆ ಉಂಡೆ ಕೊಬ್ಬರಿ ಆಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೇಳುತ್ತಿದ್ದರು. ಮಗಳ ಮದುವೆಗೆ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಅದೇ ವರ್ಷ ನಮ್ಮ ಮಾವನವರು ಹೋದರು.

ಆ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೆಂಗಸರು ಬಂದವರೆಲ್ಲ ನನ್ನನ್ನು, ನಾದಿನಿಯರನ್ನು ತಬ್ಬಿಕೊಂಡು ಅತ್ತರು. ಮಾವನವರ ಒಂದೊಂದು ಗುಣ ಹೇಳಿಕೊಂಡು ಅತ್ತೆವು. ಯಜಮಾನರು ಹೊರಗಿದ್ದರು. ಶಾಮಿಯಾನ, ಕುರ್ಚಿ, ಹೂವು, ನೆಂಟರಿಗೆ ಫೋನು. ಬಂದ ಗಂಡಸರು ಹೆಗಲು ತಟ್ಟಿ, "ಮನೆಗೆ ದೊಡ್ಡ ಮಗ, ನೀನೇ ಧೈರ್ಯ ತಗೋಬೇಕಪ್ಪ" ಎಂದು ಹೇಳಿ ಹೋದರು. ಮಾರನೇ ದಿನ ತಿಥಿ ಊಟದ ಲೆಕ್ಕ ಬರೆಯಲು ಕೂತರು. ಹೆತ್ತ ಅಪ್ಪನಿಗಾಗಿ ಅಳಲು ಅವರಿಗೆ ಯಾರೂ ಬಿಡುವು ಕೊಡಲಿಲ್ಲ. ನಾನೂ ಕೊಡಲಿಲ್ಲ.

ಒಂದೆರಡು ತಿಂಗಳಿಗೆ ಎದೆಯುರಿ ಶುರುವಾಯಿತು. ರಾತ್ರಿ ಎರಡು ಗಂಟೆಗೆ ಎದ್ದು ಹೊರಗೆ ಹೋಗಿ ಕೂರುತ್ತಿದ್ದರು. ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆ ತಳ್ಳುತ್ತಿದ್ದರು. ಅವರು ಅಂಥವರಲ್ಲ. "ಯಾಕ್ರೀ ಹಿಂಗಾಡ್ತೀರಾ?" ಅಂದರೆ "ಏನಿಲ್ಲ ಬಿಡೆ" ಅನ್ನುತ್ತಿದ್ದರು. ನಾನು ಅದನ್ನು ಬರೀ ಕೋಪ ಅಂದುಕೊಂಡೆ. ನನಗೂ ಸಿಟ್ಟು ಬಂದು ಎರಡು ವಾರ ಮಾತು ಬಿಟ್ಟೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಆಸ್ಪತ್ರೆಗೆ ಹೋಗಲಿಲ್ಲ ಅಂತಲ್ಲ. ಎರಡು ಕಡೆ ತೋರಿಸಿದೆವು, ಹೆಸರು ಬೇಡ. ಇಸಿಜಿ ಮೂರು ಸಲ ಆಯಿತು. ಎಂಡೋಸ್ಕೋಪಿಯೂ ಆಯಿತು. ಎಂಟು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಕೊನೆಗೆ ತುಮಕೂರಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಫೈಲ್ ಮುಚ್ಚಿಟ್ಟು, "ನಿದ್ದೆ ಹೇಗಿದೆ ಅಪ್ಪಾಜಿ? ಮನಸ್ಸಿಗೆ ಏನಾದರೂ ಭಾರ ಇದೆಯಾ?" ಎಂದು ಕೇಳಿದರು. ಕೇಳಿ ಸುಮ್ಮನಾದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಯಜಮಾನರು ನೆಲ ನೋಡುತ್ತಾ ಕೂತಿದ್ದರು. ಆಮೇಲೆ "ಅಪ್ಪ ಹೋದ್ರು" ಅಂದರು. ಅಷ್ಟೇ ಅಂದಿದ್ದು. ಮದುವೆಯಾಗಿ 27 ವರ್ಷಕ್ಕೆ ಅವರ ಕಣ್ಣೀರು ಅವತ್ತೇ ಮೊದಲು ನೋಡಿದೆ.

ಅವರಿಗಿದ್ದದ್ದು ಖಿನ್ನತೆ. ಗಂಡಸರಲ್ಲಿ ಅದು ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲವಂತೆ. ಸಿಟ್ಟಾಗಿ, ಮೈಕೈ ನೋವಾಗಿ, ಎದೆಯುರಿಯಾಗಿ, ಕುಡಿತವಾಗಿ ಬರುತ್ತದೆ ಎಂದು ಆ ಡಾಕ್ಟರಮ್ಮನೇ ಬಿಡಿಸಿ ಹೇಳಿದರು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ತಟ್ಟೆ ತಳ್ಳಿದ್ದನ್ನು ನಾನು ಬೇರೆ ಥರ ನೋಡುತ್ತಿದ್ದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುತ್ತಾರೆ ಎಂದೂ ಗೊತ್ತಾಗಿದ್ದು ಆಗಲೇ. ಮಾತ್ರೆ ಕೊಟ್ಟರು, ಕೂರಿಸಿಕೊಂಡು ಮಾತಾಡಿಸಿದರು. ಆರು ತಿಂಗಳಿಗೆ ನಿದ್ದೆ ಸರಿಹೋಯಿತು. ಈಗ ತೋಟಕ್ಕೆ ಹೋಗುವಾಗ ಏನೋ ಗುನುಗುತ್ತಾ ಹೋಗುತ್ತಾರೆ.

"ನಗೋ ಹೆಂಗಸನ್ನ ನಂಬಬೇಡ, ಅಳೋ ಗಂಡಸನ್ನ ನಂಬಬೇಡ" ಅಂತ ಗಾದೆ ಇದೆಯಲ್ವಾ? ನಾನೂ ಎಷ್ಟೋ ಸಲ ಹೇಳಿದ್ದೇನೆ. ನಮ್ಮ ಹುಡುಗ ಏಳು ವರ್ಷದವನಿದ್ದಾಗ ಅವನು ಮುದ್ದು ಮಾಡುತ್ತಿದ್ದ ಕರು ಸತ್ತಿತು. ಕೊಟ್ಟಿಗೆಯಲ್ಲಿ ಕೂತು ಬಿಕ್ಕುತ್ತಿದ್ದ. "ಗಂಡು ಹುಡುಗ ಆಗಿ ಅಳ್ತೀಯೇನೋ, ಏಳು" ಎಂದು ಎಬ್ಬಿಸಿದವಳು ನಾನೇ. ಅಕ್ಕನ ಕಣ್ಣೀರು ಒರೆಸಿ, ಅವನಿಗೆ ಮಾತ್ರ ಗದರಿದೆ. ಈಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಪ್ಪನ ಕೈಗೆ ಫೋನ್ ಕೊಟ್ಟರೆ ಇಬ್ಬರದೂ ಒಂದೇ ಮಾತು. ಮಳೆ ಬಂತಾ, ಕರೆಂಟ್ ಇದೆಯಾ, ಊಟ ಆಯ್ತಾ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ಆದರೆ ಅದನ್ನು ಆಡಲು ಮಾತೇ ಕಲಿತಿಲ್ಲ. ಕಲಿಯಬೇಕಾದ ವಯಸ್ಸಿನಲ್ಲಿ ನಾವೇ ಬಾಯಿ ಮುಚ್ಚಿಸಿದ್ದೇವೆ.

ಇದು ನಮ್ಮನೆ ಒಂದರ ಕತೆ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ. ಅದರಲ್ಲಿ 1,22,724 ಜನ ಗಂಡಸರು. ಒಟ್ಟು ಲೆಕ್ಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ದಿನಗೂಲಿಯವರು. ನಮ್ಮ ರಾಜ್ಯ ಒಂದರಲ್ಲೇ ಆ ವರ್ಷ 13 ಸಾವಿರಕ್ಕೂ ಹೆಚ್ಚು ಜನ ಹೋಗಿದ್ದಾರೆ. ಈ ಅಂಕಿಯನ್ನು ಕೆಲವರು ಹೆಂಗಸರನ್ನು ಬೈಯಲು ಬಳಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೆಂಗಸರ ನೋವು ಕಮ್ಮಿ ಅಂತ ಇದರ ಅರ್ಥ ಅಲ್ಲ. ಇಷ್ಟೊಂದು ಗಂಡಸರು ಯಾರಿಗೂ ಏನೂ ಹೇಳದೆ ಹೋದರಲ್ಲ ಅಂತ ನನ್ನ ಸಂಕಟ. ಆ ಯೋಚನೆ ಬಂದಿದೆ ಎಂದು ಬಾಯಿ ಬಿಟ್ಟರೆ ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯೂ ಹಳ್ಳಿಯಲ್ಲಿದೆ. ಯೋಚನೆ ಬಂದಿದ್ದಕ್ಕೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿ ಉಳಿದವರನ್ನೂ ತುಂಬಾ ಒತ್ತಡದಲ್ಲಿದ್ದವರು ಎಂದೇ ನೋಡಬೇಕು, ಶಿಕ್ಷಿಸಬಾರದು, ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

14416 ಎಂಬ ನಂಬರ್ ಇದೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್ ಅಂತಾರೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಫೋನ್ ತೆಗೆಯುತ್ತಾರೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ನಮ್ಮ ಸಂಘದಲ್ಲಿ ಎಲ್ಲರಿಗೂ ಈ ನಂಬರ್ ಗೊತ್ತು. ಆಶಾ ಕಾರ್ಯಕರ್ತೆ ಬಂದು ಬರೆಸಿದ್ದಾರೆ. ಆದರೆ ನಮ್ಮೂರಿನ ಗಂಡಸರನ್ನು ಕೇಳಿ ನೋಡಿದೆ, ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಅರಿವು ಮೂಡಿಸುವ ಸಭೆ ನಡೆಯುವುದು ಅಂಗನವಾಡಿಯಲ್ಲಿ, ಹಗಲು ಹನ್ನೊಂದು ಗಂಟೆಗೆ. ಗಂಡಸರು ಆಗ ತೋಟದಲ್ಲೋ ಸಂತೆಯಲ್ಲೋ ಇರುತ್ತಾರೆ.

ಅವರು ಸೇರುವ ಜಾಗಗಳೇ ಬೇರೆ. ಬೆಳಗ್ಗೆ ಹಾಲಿನ ಡೈರಿ. ಭಾನುವಾರ ಕಟಿಂಗ್ ಶಾಪ್. ಹರಾಜಿನ ದಿನ ಎಪಿಎಂಸಿ. ಆಟೋ ಸ್ಟ್ಯಾಂಡು, ಟೀ ಅಂಗಡಿ, ಸೊಸೈಟಿ. ಅಲ್ಲೆಲ್ಲ ರಾಜಕೀಯ, ಕ್ರಿಕೆಟ್, ಬೋರ್‌ವೆಲ್ ನೀರು ಎಲ್ಲದರ ಮಾತೂ ಆಗುತ್ತದೆ. ತನ್ನ ಮಾತು ಬರುವುದಿಲ್ಲ. ಮನಸ್ಸು ಬಿಚ್ಚಲು ಬಾರ್ ಒಂದೇ ಉಳಿದಿದೆ, ಅಲ್ಲಿಂದ ಸಂಸಾರಕ್ಕೆ ಏನಾಗುತ್ತದೆ ಎಂದು ನಮ್ಮ ಸಂಘದ ಹೆಂಗಸರಿಗೆ ಚೆನ್ನಾಗಿ ಗೊತ್ತು. ಆರೋಗ್ಯ ಇಲಾಖೆಯವರು ಡೈರಿಯ ಗೋಡೆಗೆ, ಕಟಿಂಗ್ ಶಾಪಿನ ಕನ್ನಡಿ ಪಕ್ಕಕ್ಕೆ ಈ ನಂಬರ್ ಅಂಟಿಸಲಿ. ಕಟಿಂಗ್ ಮಾಡುವವರಿಗೆ, ಡೈರಿ ಕಾರ್ಯದರ್ಶಿಗೆ ಅರ್ಧ ದಿನ ಕೂರಿಸಿ ಹೇಳಿಕೊಡಲಿ. ಊರಲ್ಲಿ ಯಾರು ಮಂಕಾಗಿದ್ದಾರೆ ಎಂದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ಈ ಪತ್ರ ಬರೆದು ಯಜಮಾನರಿಗೆ ಓದಲು ಕೊಟ್ಟೆ. ಎರಡು ಸಲ ಓದಿದರು. "ಕಳಿಸು. ಹೆಸರು ಮಾತ್ರ ಬೇಡ" ಅಂದರು. ಆಮೇಲೆ ಒಂದು ಮಾತು ಸೇರಿಸಿದರು, ಅದನ್ನೇ ನಿಮ್ಮಲ್ಲಿ ಬೇಡಿಕೊಳ್ಳುತ್ತಿದ್ದೇನೆ.

ಪತ್ರಿಕೆಯವರು 14416 ನಂಬರನ್ನು ಆತ್ಮಹತ್ಯೆ ಸುದ್ದಿಯ ಕೆಳಗೆ ಹಾಕುತ್ತೀರಿ. ಒಳ್ಳೆಯದು. ಆದರೆ ನಮ್ಮ ಕಡೆ ಗಂಡಸರು ಪೇಪರ್ ಕೈಗೆ ಸಿಕ್ಕ ಕೂಡಲೇ ತಿರುಗಿಸುವುದು ಧಾರಣೆ ಪುಟಕ್ಕೆ. ಕೊಬ್ಬರಿ ಎಷ್ಟು, ಅಡಿಕೆ ಎಷ್ಟು, ರಾಗಿ ಎಷ್ಟು. ಆ ಪಟ್ಟಿಯ ಕೆಳಗೆ ದಿನವೂ ಒಂದು ಸಾಲು ಇರಲಿ: "ನಿದ್ದೆ ಬರ್ತಿಲ್ವಾ? ಮನಸ್ಸು ಭಾರವಾಗಿದೆಯಾ? 14416ಗೆ ಫೋನ್ ಮಾಡಿ." ಜಾಸ್ತಿ ಜಾಗ ಬೇಡ. ಬೆಲೆ ಬಿದ್ದ ದಿನ ಮಾತ್ರ ಅಕ್ಷರ ಸ್ವಲ್ಪ ದಪ್ಪ ಇರಲಿ.

ಇಂತಿ,
ನಿಮ್ಮ ಓದುಗಿ,
ತಿಪಟೂರು ತಾಲ್ಲೂಕು