ಅವತ್ತು ಸೀಟು ಖಾಲಿ ಇತ್ತು ಕಣೋ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಛತ್ರಿ ಸಿಕ್ಕಿತಾ? ಎಲ್ಲರೂ ಓದುವ ಕಡೆ ಪತ್ರ ಬರೆದೆ ಅಂತ ಬೈಬೇಡ. ನಮ್ಮ ರೂಮಿನ ಉಳಿದಿಬ್ಬರೂ ಓದಲಿ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಾರದಿಂದ ಜೂಡಿ ಹ್ಯೂಮನ್ ಬಗ್ಗೆ ಓದುತ್ತಿದ್ದೇನೆ, ತಲೆಯಲ್ಲಿ ಕೂತುಬಿಟ್ಟಿದ್ದಾರೆ. ಅಂಗವಿಕಲರ ಹಕ್ಕಿಗಾಗಿ ಹೋರಾಡಿದವರು, ಅಮೆರಿಕದವರು. 2023ರ ಮಾರ್ಚ್ 4ರಂದು, 75ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದೂವರೆ ವರ್ಷದ ಮಗುವಾಗಿದ್ದಾಗ ಅವರಿಗೆ ಪೋಲಿಯೊ ಬಂತು, ಮುಂದೆ ಬದುಕೆಲ್ಲ ವೀಲ್‌ಚೇರ್‌ನಲ್ಲೇ. ಐದು ವರ್ಷವಾದಾಗ ಬ್ರೂಕ್ಲಿನ್‌ನ ಶಾಲೆಗೆ ಸೇರಿಸಲು ಹೋದರೆ, ಬೆಂಕಿ ಅನಾಹುತ ಆದರೆ ಈ ಕುರ್ಚಿಯಿಂದ ಅಪಾಯ ಅಂತ ಮುಖ್ಯೋಪಾಧ್ಯಾಯರು ಸೇರಿಸಿಕೊಳ್ಳಲಿಲ್ಲ. ದೊಡ್ಡವರಾಗಿ ಟೀಚರ್ ಆಗಲು ಹೊರಟಾಗಲೂ ಅದೇ ರಾಗ. ಬರೆದ ಪರೀಕ್ಷೆ ಪಾಸು, ವೈದ್ಯಕೀಯ ಪರೀಕ್ಷೆಯಲ್ಲಿ ಫೇಲು! 1970ರಲ್ಲಿ ನ್ಯೂಯಾರ್ಕ್ ಶಿಕ್ಷಣ ಮಂಡಳಿಯ ಮೇಲೆ ಕೇಸು ಹಾಕಿದರು, ಪಾಠ ಮಾಡಿಯೇ ಮಾಡಿದರು.

ಸರ್ಕಾರದ ದುಡ್ಡು ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಬಾರದು ಅನ್ನುವ ಕಾನೂನು ಅಲ್ಲಿ 1973ರಲ್ಲೇ ಆಗಿತ್ತು. ನಿಯಮಗಳಿಗೆ ಮಾತ್ರ ಸಹಿ ಬೀಳಲಿಲ್ಲ. ನಾಲ್ಕು ವರ್ಷ ಕಾದರು. 1977ರ ಏಪ್ರಿಲ್ 5ರಂದು ಜೂಡಿ ಮತ್ತು ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಯೊಳಗೆ ಹೋಗಿ ಕೂತರು. ರಾತ್ರಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದವರು ಅವರಲ್ಲಿದ್ದರು. ಫೋನ್ ಕಟ್ಟಾದಾಗ ಕಿವುಡರು ಕಿಟಕಿಯಲ್ಲಿ ನಿಂತು ಕೈಸನ್ನೆಯಲ್ಲೇ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿ ಊಟ ತಂದುಕೊಟ್ಟರು. ಏಪ್ರಿಲ್ 28ಕ್ಕೆ ಸಹಿ ಬಿತ್ತು.

ಆ ದಿನಗಳಲ್ಲೇ ಒಬ್ಬ ಅಧಿಕಾರಿಯ ಎದುರು ಜೂಡಿ ಮಾತಾಡುತ್ತಾರೆ. ಆತ ಹೌದು ಹೌದು ಅಂತ ತಲೆಯಾಡಿಸುತ್ತಲೇ ಇರುತ್ತಾನೆ. ಜೂಡಿಯ ಗಂಟಲು ಕಟ್ಟಿರುತ್ತದೆ. ನಾವು ಹೇಳುತ್ತಿರುವುದು ನಿಮಗೆ ಅರ್ಥವಾಗಿದೆ ಅಂತ ನನಗನಿಸುವುದಿಲ್ಲ, ಹಾಗೆ ತಲೆಯಾಡಿಸುವುದನ್ನು ನಿಲ್ಲಿಸಿ ಅನ್ನುತ್ತಾರೆ.

ಅಲ್ಲಿಗೆ ಬಂದಾಗ ಮುಂದೆ ಓದಲು ಆಗಲಿಲ್ಲ ಕಣೋ.

ಎರಡನೇ ವರ್ಷದ ಬೆಟ್ಟದ ಟ್ರಿಪ್ ನೆನಪಿದೆಯಾ? ಸೀಟು ಸಿಗಲಿಲ್ಲ ಅಂತ ನಿನಗೆ ಹೇಳಿದ್ದೆ. ಸೀಟು ಇತ್ತು. ನಿನಗೆ ಕಷ್ಟವಾಗುತ್ತದೆ ಅಂತ ಮೂವರೂ ಮಾತಾಡಿಕೊಂಡೆವು, ಮೂವರೂ ತಲೆಯಾಡಿಸಿದೆವು. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಬೆಳಗಿನ ಜಾವ ನಿನಗೆ ಎಚ್ಚರವಾಗದಿರಲಿ ಅಂತ ಶೂ ಕೈಯಲ್ಲಿ ಹಿಡಿದುಕೊಂಡು ಹೊರಟೆವು. ನೀನು ಕಾಲಿಗೆ ಕಟ್ಟಿಕೊಳ್ಳುವ ಕ್ಯಾಲಿಪರ್ ಮಂಚದ ಪಕ್ಕ ನೆಲದ ಮೇಲಿತ್ತು, ಬೆಲ್ಟುಗಳೆಲ್ಲ ಬಿಚ್ಚಿಕೊಂಡು. ಅದನ್ನು ದಾಟಿಕೊಂಡೇ ಆಚೆ ಬಂದೆ.

ನಿನಗೆ ಕಷ್ಟ ಅನ್ನುವುದೂ ಪೂರ್ತಿ ನಿಜವಲ್ಲ. ನೀನು ಬಂದರೆ ನಮಗೆ ತಡವಾಗುತ್ತಿತ್ತು. ಅಷ್ಟೇ ಇದ್ದದ್ದು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ವಾಪಸ್ ಬಂದಾಗ ನೀನು ಒಂದೊಂದೇ ಫೋಟೊ ನೋಡಿ, "ಮೇಲೆ ಗಾಳಿ ಜಾಸ್ತಿ ಇತ್ತಾ?" ಅಂತ ಕೇಳಿದೆ. ನಿನಗೆ ಗೊತ್ತಿತ್ತು, ಅಲ್ವಾ?

ಜೂಡಿಗೆ ಬಟ್ಟೆ ಹಾಕಿಕೊಳ್ಳಲು, ಹಾಸಿಗೆಯಿಂದ ಏಳಲು ಸಹಾಯಕರು ಬೇಕಿತ್ತು. ಯಾವಾಗ ಏಳಬೇಕು, ಎಲ್ಲಿಗೆ ಹೋಗಬೇಕು ಅನ್ನುವುದು ಮಾತ್ರ ತನ್ನದೇ ತೀರ್ಮಾನ ಆಗಿರಬೇಕು ಅಂತ ಅವರು ಜೀವನವಿಡೀ ಹೋರಾಡಿದರು. ನಾವು ನಿನ್ನಿಂದ ಕಸಿದುಕೊಂಡದ್ದು ಅದನ್ನೇ. ಬಂದಿದ್ದರೆ ನೀನು ಅರ್ಧ ದಾರಿಯಲ್ಲಿ ಕೂರುತ್ತಿದ್ದೆಯೋ, ತುದಿಗೇ ಬರುತ್ತಿದ್ದೆಯೋ. ನೀನು ಎದ್ದು ನಿಂತು ಮೊಣಕಾಲಿನ ಲಾಕ್ ಹಾಕುವಾಗ ಬರುತ್ತಿದ್ದ ಆ 'ಟಕ್' ಸದ್ದು ಈ ವಾರವೆಲ್ಲ ಕಿವಿಯಲ್ಲಿದೆ. ತಪ್ಪಾಯಿತು ಕಣೋ.

ಸರಿ, ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಸುಮ್ನೆ ಕ್ಷೇಮ ಕೇಳೋಣ ಅಂತ ಕೂತವನು. ಉತ್ತರವನ್ನು ಇಲ್ಲೇ ಎಲ್ಲರೆದುರು ಬರಿ, ಇಲ್ಲವೇ ಫೋನ್ ಮಾಡಿ ಬೈ. ಛತ್ರಿ ಮಾತ್ರ ನನ್ನ ಹತ್ತಿರ ಇಲ್ಲ. ದೇವರಾಣೆ ಇಲ್ಲ.

ನಿನ್ನ,
ಪಕ್ಕದ ಮಂಚದವನು